ಇಂಚರಳ ಹೊಟ್ಟೆಯ ಪರೀಕ್ಷೆ

ಸ್ಕೋಕಿ
ಜನವರಿ 11, 2009, ಭಾನುವಾರ

ಶ್ರೀಹರಿ,

ಇನ್ನೂರೆಂಬತ್ತು ಮೈಲಿ ಆಚೆ ಇರುವ ಗಂಡನಿಗೆ ಫೋನು ಬಿಟ್ಟು ಪತ್ರ ಬರೆಯುತ್ತಿದ್ದೇನೆ ಎಂದು ನಗಬೇಡ. ಫೋನಿನಲ್ಲಿ ಮಾತಾಡಿದರೆ ಇಂಚರ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಈಮೇಲ್ ಮಾಡೋಣವೆಂದರೆ ಬೆನ್ನ ಹಿಂದೆ ಬಂದು ಗಟ್ಟಿಯಾಗಿ ಓದುತ್ತಾಳೆ. ನಿನ್ನ ಏಳು ವರ್ಷದ ಮಗಳಿಗೆ ಈ ಮನೆಯಲ್ಲಿ ಓದಲು ಬಾರದ್ದು ಕನ್ನಡವೊಂದೇ.

ಶಾಲೆಯಿಂದ ಮೂರನೇ ಸಲ ಫೋನು ಬಂತು. ಮತ್ತೆ ಬಟ್ಟೆ ಕೊಳೆ ಮಾಡಿಕೊಂಡಿದ್ದಳು. ಆಫೀಸಿನಿಂದ ಮೀಟಿಂಗು ಬಿಟ್ಟು ಓಡಿಬಂದೆ. ಅದು ಭೇದಿಯಲ್ಲವಂತೆ. ದಿನಗಟ್ಟಲೆ ಎರಡಕ್ಕೆ ಹೋಗದೆ ಒಳಗೆ ಗಟ್ಟಿಯಾಗಿ, ಅದರ ಪಕ್ಕದಿಂದ ನೀರಾಗಿ ಸೋರುವುದಂತೆ. ನಾಲ್ಕು ತಿಂಗಳಿಂದ ಹೀಗೇ ಇದೆ. ರಾತ್ರಿ ಜ್ಯೂಸಿನಲ್ಲಿ ಹೊಟ್ಟೆ ಸಡಿಲಿಸುವ ಪುಡಿ ಕಲಸಿ ಕೊಟ್ಟರೂ ಮೂಲೆಯಲ್ಲಿ ಕಾಲು ಹೆಣೆದುಕೊಂಡು ನಿಂತುಬಿಡುತ್ತಾಳೆ. ಕೇಳಿದರೆ, "ಐ ಡೋಂಟ್ ನೀಡ್ ಟು ಗೋ, ಅಮ್ಮಾ."

ಮೊನ್ನೆ ಹೊಟ್ಟೆಯ ಸ್ಪೆಷಲಿಸ್ಟ್ ಹತ್ತಿರ ಹೋಗಿದ್ದೆವು. ಆ ಡಾಕ್ಟರಮ್ಮ ನನ್ನನ್ನು ನೋಡಿದ ರೀತಿ ನನಗೆ ಸರಿಬರಲಿಲ್ಲ. "ಸೆಪ್ಟೆಂಬರಿನಿಂದೀಚೆಗೆ ಮನೆಯಲ್ಲಿ ಏನಾದರೂ ಬದಲಾಗಿದೆಯಾ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅಕ್ಟೋಬರಿನಲ್ಲಿ ನಿನ್ನ ಕೆಲಸ ಹೋಗಿದ್ದು, ನೀನು ಡಿಯರ್‌ಬಾರ್ನ್‌ಗೆ ಹೋಗಿದ್ದು, ನಿನ್ನಮ್ಮ ಬಂದಿದ್ದು, ಯಾವುದನ್ನೂ ಹೇಳಲಿಲ್ಲ. ಯಾಕೆ ಸುಳ್ಳು ಹೇಳಿದೆನೋ ಗೊತ್ತಿಲ್ಲ. ಅವಳು ಅದನ್ನು ಬರೆದುಕೊಂಡಳು. ಆಮೇಲೆ ಮಗುವಿನ ಜೊತೆ ಒಬ್ಬಳೇ ಮಾತಾಡಬೇಕು ಎಂದಳು. ನಾವು ಹೊಡೆಯುತ್ತೇವೆ ಎಂದುಕೊಂಡಿದ್ದಾಳೋ ಏನೋ.

ನನ್ನ ಅನುಮಾನ ನಿನ್ನಮ್ಮನ ಮಡಿಯ ಮೇಲೆ. ಟಾಯ್ಲೆಟ್ಟಿಗೆ ಹೋಗಿ ಬಂದರೆ ಬಟ್ಟೆ ಬದಲಾಯಿಸುವ ತನಕ ಅಜ್ಜಿಯನ್ನು ಮುಟ್ಟುವಂತಿಲ್ಲ. ಹೊರಗೆ ಸೊನ್ನೆ ಡಿಗ್ರಿ ಚಳಿ. ಯಾವ ಮಗು ತಾನೇ ದಿನಕ್ಕೆರಡು ಸಲ ಬಟ್ಟೆ ಬಿಚ್ಚಿ ನಡುಗಲು ಇಷ್ಟಪಡುತ್ತದೆ? ಇಷ್ಟು ಕೇಳುತ್ತೇನೆ, ನೇರವಾಗಿ ಹೇಳು. ನೀನು ಅವಳಿಗೆ ಏನಾದರೂ ಅಂದಿದ್ದೀಯಾ?

ಮೈತ್ರೇಯಿ


ಡಿಯರ್‌ಬಾರ್ನ್
ಜನವರಿ 18, 2009

ಮೈತ್ರೇಯಿ,

ಪತ್ರ ನೋಡಿ ನಿರಂಜನ್ ನಕ್ಕಿದ್ದೇ ನಕ್ಕಿದ್ದು. "ಏನೋ ಮಾರಾಯಾ, ಹೊಸದಾಗಿ ಲಗ್ನ ಆದಾವ್ರಂಗ ಪತ್ರ ಬರ್ಯಾಕತ್ತೀರಿ" ಅಂದ. ಹುಬ್ಬಳ್ಳಿಯವನು ರೂಮ್‌ಮೇಟ್ ಆದರೆ ಬಿಟ್ಟಿ ಮನರಂಜನೆ.

ಅಮ್ಮನ ಮಡಿ ಇಂದು ನಿನ್ನೆಯದಲ್ಲ. ನಾವು ಮೂರು ಮಕ್ಕಳೂ ಅದರಲ್ಲೇ ಬೆಳೆದೆವು, ಯಾರ ಹೊಟ್ಟೆಯೂ ಕಟ್ಟಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡ. ನೀನು ಏಳಕ್ಕೆ ಮನೆ ಬಿಟ್ಟರೆ ಬರುವುದು ಆರೂವರೆಗೆ. ಫ್ರೀಜರಿನ ಪರೋಟ, ಚೀಸು ತಿಂದ ಹೊಟ್ಟೆ ಇನ್ನೇನಾಗುತ್ತದೆ? ತಪ್ಪು ತಿಳಿಯಬೇಡ, ಇದ್ದದ್ದು ಹೇಳಿದೆ.

ನಾನು ಅವಳಿಗೆ ಏನೂ ಅಂದಿಲ್ಲ. ಅನ್ನುವುದಕ್ಕೆ ನಾನಲ್ಲಿ ಇದ್ದದ್ದಾದರೂ ಎಷ್ಟು ದಿನ.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕರುಳಿನ ಕೊನೆಯಲ್ಲಿ ನರಗಳಿರುವುದಿಲ್ಲ ಎಂದು ಓದಿದೆ. ಏನೇನು ಟೆಸ್ಟ್ ಇದೆಯೋ ಎಲ್ಲ ಮಾಡಿಸು. ಇಲ್ಲಿ ಪ್ರತಿ ಶುಕ್ರವಾರ ಯಾರಾದರೂ ಕೆಲಸ ಕಳೆದುಕೊಂಡು ರಟ್ಟಿನ ಡಬ್ಬ ಹಿಡಿದು ಹೊರಗೆ ನಡೆಯುತ್ತಾರೆ, ಪಾರ್ಕಿಂಗ್ ಲಾಟ್ ಅರ್ಧ ಖಾಲಿ. ನಾನು ಕಾಂಟ್ರಾಕ್ಟಿನವನಾದರೂ ನಮ್ಮ ಕಾರ್ ಸೀಟ್ ಟೆಸ್ಟಿಂಗ್ ಗುಂಪಿಗೆ ಇನ್ನೂ ಕೈ ಹಾಕಿಲ್ಲ.

ಶ್ರೀಹರಿ


ಸ್ಕೋಕಿ
ಫೆಬ್ರವರಿ 1, 2009

ಶ್ರೀಹರಿ,

ಚೀಸಿನ ಮಾತಿಗೆ ಉತ್ತರ ಆಮೇಲೆ ಕೊಡುತ್ತೇನೆ, ಮರೆತಿಲ್ಲ.

ಮೊದಲನೇ ಟೆಸ್ಟ್ ಆಯಿತು. ಒಂದು ಮಾತ್ರೆಯೊಳಗೆ ಸಾಸಿವೆ ಗಾತ್ರದ ಇಪ್ಪತ್ತನಾಲ್ಕು ಉಂಗುರಗಳು. ಅದನ್ನು ನುಂಗಿಸಿ ಐದು ದಿನ ಕಾಯಬೇಕು, ಐದನೇ ದಿನ ಎಕ್ಸ್‌ರೇ. ಎಷ್ಟು ಹೊರಗೆ ಹೋಗಿವೆ, ಉಳಿದವು ಎಲ್ಲಿ ನಿಂತಿವೆ ಎಂದು ಎಣಿಸುತ್ತಾರೆ. ಆ ಐದು ದಿನ ಹೊಟ್ಟೆ ಸಡಿಲಿಸುವ ಯಾವುದನ್ನೂ ಕೊಡಬಾರದೆಂದು ಅಪ್ಪಣೆ. ಮೂರನೇ ದಿನ ನೋಡುತ್ತೇನೆ, ನಿನ್ನಮ್ಮ ಚಮಚದಲ್ಲಿ ಹರಳೆಣ್ಣೆ ಹಿಡಿದು ಮಗುವಿನ ಹಿಂದೆ ನಿಂತಿದ್ದಾರೆ. "ಆ ಡಾಕ್ಟರಮ್ಮಂಗೇನೇ ಗೊತ್ತು? ಮೂರು ಹೆತ್ತವಳು ನಾನು. ಒಂದು ಚಮಚ ಹಾಕಿದ್ರೆ ಬೆಳಗಾಗೋದ್ರೊಳಗೆ ಎಲ್ಲಾ ಸರಿಹೋಗತ್ತೆ." ಬಾಟಲಿ ಕಿತ್ತುಕೊಂಡು ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮೊನ್ನೆ ಶುಕ್ರವಾರ, ಮೂವತ್ತನೇ ತಾರೀಖು, ಎಕ್ಸ್‌ರೇ ತೆಗೆದರು. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಒಳಗೇ ಇವೆ. ಮೇಲಿನ ಕರುಳನ್ನೆಲ್ಲ ಸಲೀಸಾಗಿ ದಾಟಿ ಬಂದು ಕೆಳಗೆ ಬಾಗಿಲ ಹತ್ತಿರ ಒಂದರ ಮೇಲೊಂದು ಗುಂಪುಗೂಡಿವೆ. ಐದು ದಿನ ಅವಳು ಹೋಗೇ ಇಲ್ಲ.

ಮಾರ್ಚ್ 3ಕ್ಕೆ ಇನ್ನೊಂದು ಪರೀಕ್ಷೆ. ಸಪೂರ ನಳಿಗೆಯ ತುದಿಯಲ್ಲಿ ಪುಟ್ಟ ಬಲೂನು ಒಳಗಿಟ್ಟು ಗಾಳಿ ತುಂಬುತ್ತಾರೆ. ಆಗ ಒಳಗಿನ ಸ್ನಾಯು ತಾನಾಗಿ ಸಡಿಲವಾಗಬೇಕು. ಆಗದಿದ್ದರೆ ನರದ ರೋಗವಿರಬಹುದು, ಆಪರೇಷನ್ ಬೇಕಾಗಬಹುದು. ಸಡಿಲವಾದರೆ, ಮಗು ತಾನೇ ತಡೆದುಕೊಳ್ಳುತ್ತಿದೆ ಎಂದರ್ಥ. ಆಮೇಲೆ ಯಾಕೆ ಎಂದು ಕೇಳುತ್ತಾರೆ.

ಹೇಳಬಾರದು, ಆದರೂ ಹೇಳುತ್ತೇನೆ. ರೋಗವೇ ಸಿಗಲಿ ಎಂದು ಒಳಗೊಳಗೇ ಬೇಡುತ್ತಿದ್ದೇನೆ. ರೋಗವಾದರೆ ಯಾರ ತಪ್ಪೂ ಅಲ್ಲವಲ್ಲ. ಹೆತ್ತ ಮಗಳಿಗೆ ಆಪರೇಷನ್ ಬರಲಿ ಎಂದುಕೊಳ್ಳುವ ತಾಯಿಯನ್ನು ನೀನೆಲ್ಲಾದರೂ ಕಂಡಿದ್ದೀಯಾ? ಮೂರನೇ ತಾರೀಖು ರಜೆ ಹಾಕಿ ಬಾ.

ಮೈತ್ರೇಯಿ


ಡಿಯರ್‌ಬಾರ್ನ್
ಫೆಬ್ರವರಿ 8, 2009

ಮೈತ್ರೇಯಿ,

ನೀನು ಬೇಡಿಕೊಂಡದ್ದನ್ನೇ ನಾನೂ ಬೇಡಿಕೊಂಡಿದ್ದೇನೆ. ಇಬ್ಬರೂ ಒಂದೇ ಪಾಪದವರು, ಸಮಾಧಾನ ಮಾಡಿಕೊ.

ಮೂರನೇ ತಾರೀಖು ಬರಲಾಗುವುದಿಲ್ಲ. ಆ ವಾರ ದೊಡ್ಡ ಡೆಡ್‌ಲೈನ್ ಇದೆ. ಇಲ್ಲಿ ಎಲ್ಲ ಚೆನ್ನಾಗಿದೆ. ನನಗೆ ಕಿಟಕಿಯ ಪಕ್ಕ ಜಾಗ ಕೊಟ್ಟಿದ್ದಾರೆ, ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬೀಳುತ್ತದೆ. ಮೊನ್ನೆ ಮ್ಯಾನೇಜರ್ ಎಲ್ಲರೆದುರು ಹೊಗಳಿದ. ಕ್ಯಾಂಟೀನಿನ ಟೊಮ್ಯಾಟೊ ಸೂಪು ಸಾರಿನ ಹಾಗೇ ಇರುತ್ತದೆ, ಒಂದು ಒಗ್ಗರಣೆ ಕಡಿಮೆ ಅಷ್ಟೆ. ಅಮ್ಮನ ಮೇಲೆ ಮುನಿಸಿಕೊಳ್ಳಬೇಡ, ಏಪ್ರಿಲ್‌ನಲ್ಲಿ ಹೊರಟುಬಿಡುತ್ತಾಳೆ.

ಇಂಚರಳಿಗೆ ಅಪ್ಪ ಚೆನ್ನಾಗಿದ್ದಾನೆಂದು ಹೇಳು.

ಶ್ರೀಹರಿ


ಸ್ಕೋಕಿ
ಫೆಬ್ರವರಿ 15, 2009

ಶ್ರೀಹರಿ,

ಹದಿನಾಲ್ಕು ವರ್ಷದ ಸಂಸಾರದಲ್ಲಿ ನೀನು ಒಂದು ದಿನವೂ ನಿನ್ನ ಮೇಜಿನ ಮೇಲೆ ಬಿಸಿಲು ಬಿದ್ದ ಸುದ್ದಿ ಹೇಳಿದವನಲ್ಲ. ನಿನ್ನ ಪತ್ರ ಮೂರು ಸಲ ಓದಿದೆ. ಮೂರು ಸಲವೂ ಯಾರದೋ ಪತ್ರ ಓದಿದಂತಾಯಿತು.

ಗುರುವಾರ ನಿನ್ನ ಆಫೀಸಿಗೆ ಫೋನ್ ಮಾಡಿದೆ. ಆ ಎಕ್ಸ್‌ಟೆನ್ಷನ್ ಚಾಲ್ತಿಯಲ್ಲಿಲ್ಲ ಎಂದು ಯಂತ್ರ ಹೇಳಿತು. ಮನೆಗೆ ಮಾಡಿದೆ. ನಿಮ್ಮ ಕಡೆ ಆಗ ಮಧ್ಯಾಹ್ನ ಹನ್ನೆರಡು ಗಂಟೆ. ನಿರಂಜನ್ ನೆಗಡಿಯಾಗಿ ಮನೆಯಲ್ಲಿದ್ದನಂತೆ. "ಅಂವಾ ಇನ್ನೂ ಎದ್ದಿಲ್ರೀ ವೈನಿ" ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡು, "ಅಲ್ಲ, ಆಫೀಸಿಗೆ ಹೋಗ್ಯಾನ" ಎಂದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು.

ಅಲ್ಲಿ ಬೇರೆ ಯಾರಾದರೂ ಇದ್ದಾರಾ? ಇದ್ದರೆ ಹೇಳಿಬಿಡು. ನನ್ನ ತಲೆಯಲ್ಲಿ ಒಂದು ಸಲಕ್ಕೆ ಒಂದು ಸಂಕಟಕ್ಕೆ ಮಾತ್ರ ಜಾಗವಿದೆ, ಅದನ್ನು ಮಗಳಿಗೆ ಕೊಟ್ಟಿದ್ದೇನೆ.

ಮೈತ್ರೇಯಿ


ಡಿಯರ್‌ಬಾರ್ನ್
ಫೆಬ್ರವರಿ 19, 2009

ಮೈತ್ರೇಯಿ,

ಅನುಮಾನಕ್ಕೆ ಮದ್ದಿಲ್ಲ. ಮೇಜು ಬದಲಾಯಿತು, ನಂಬರೂ ಬದಲಾಯಿತು. ಈಗ ರಾತ್ರಿ ಪಾಳಿಯಲ್ಲಿ ಟೆಸ್ಟಿಂಗ್ ನಡೆಯುತ್ತಿದೆ, ಅದಕ್ಕೇ ಹಗಲು ಮಲಗಿದ್ದೆ. ಯಾರೂ ಇಲ್ಲ. ಮಗುವಿನ ಕಡೆ ಗಮನ ಕೊಡು, ನನ್ನ ಮೇಲೆ ಪತ್ತೇದಾರಿ ಬೇಡ.

ಶ್ರೀಹರಿ


ಸ್ಕೋಕಿ
ಮಾರ್ಚ್ 3, 2009, ಮಂಗಳವಾರ

ಶ್ರೀಹರಿ,

ರಾತ್ರಿ ಪಾಳಿಯವನ ಮೇಜಿನ ಮೇಲೆ ಮಧ್ಯಾಹ್ನದ ಬಿಸಿಲು ಹೇಗೆ ಬಿತ್ತು ಎಂದು ಕೇಳುವವಳಿದ್ದೆ. ಇವತ್ತು ಅದು ಬೇಡ. ಮಗುವಿನ ವಿಷಯ ಕುಳಿತು ಓದು.

ಪರೀಕ್ಷೆ ಮುಗಿಯಿತು. ನರಗಳು ಸರಿಯಾಗಿವೆ. ಬಲೂನಿಗೆ ಗಾಳಿ ತುಂಬಿದಾಗ ಪರದೆಯ ಮೇಲಿನ ಗೆರೆ ಇಳಿಯಿತು, ಒಳಗಿನ ಸ್ನಾಯು ತಾನಾಗಿ ಸಡಿಲವಾಯಿತು. ಆದರೆ ಬಲೂನು ಇದೆಯೆಂದು ಅವಳಿಗೆ ತಿಳಿಯಲು ಬೇರೆ ಮಕ್ಕಳಿಗಿಂತ ತುಂಬಾ ಹೆಚ್ಚು ಗಾಳಿ ಬೇಕಾಯಿತು. ತಡೆದೂ ತಡೆದೂ ಒಳಗೆ ಹಿಗ್ಗಿಹೋಗಿದೆಯಂತೆ. "ಈಗ ಹೊರಗೆ ತಳ್ಳು ಪುಟ್ಟಾ" ಎಂದು ನರ್ಸ್ ಹೇಳಿದಾಗ ಗೆರೆ ಇಳಿಯುವ ಬದಲು ಮೇಲೆ ಹೋಯಿತು. ತಳ್ಳು ಎಂದರೆ ಬಿಗಿಯುತ್ತಾಳೆ. ರೋಗವಿಲ್ಲ. ನಾವು ಬೇಡಿದ್ದನ್ನು ದೇವರು ಕೊಡಲಿಲ್ಲ.

ಆಮೇಲೆ ನರ್ಸ್ ನಳಿಗೆ ತೆಗೆದು, ಜೆಲ್ಲಿ ಒರೆಸಿಕೊಳ್ಳಲು ಟಾಯ್ಲೆಟ್ ಪೇಪರ್ ಹರಿದು ಅವಳ ಕೈಗೆ ಕೊಟ್ಟಳು. ಇಂಚರ ಅದನ್ನು ಹಿಡಿದುಕೊಂಡು ಸುಮ್ಮನೆ ಕುಳಿತಳು. ಆಮೇಲೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮಡಿಸಿ, ಪಕ್ಕದಲ್ಲಿಟ್ಟಳು. ಮಗು ಅಳು ಒರೆಸಿಕೊಂಡಿತೆಂದು ನರ್ಸ್ ತಿಳಿದಳು. ಅಳು ಎಲ್ಲಿತ್ತು? ಪುಸ್ತಕಕ್ಕೆ ಕಾಲು ತಗುಲಿದರೆ ನಾವು ಒತ್ತಿಕೊಳ್ಳುವ ಹಾಗೆ ಒತ್ತಿಕೊಂಡಳು.

ಕಾರಿನಲ್ಲಿ ಕೇಳಿದೆ. ಮೊದಲು ಸೀಟ್ ಬೆಲ್ಟ್ ಹಾಕಿಕೊಂಡಳು. ಆಮೇಲೆ, "ಪೇಪರ್ ಈಸ್ ಸರಸ್ವತಿ. ಯು ಕಾಂಟ್ ವೈಪ್ ವಿತ್ ಸರಸ್ವತಿ" ಎಂದಳು. ಮನೆಯಲ್ಲಾದರೆ ಚೊಂಬಿದೆ. ಶಾಲೆಯಲ್ಲಿ ಕಾಗದ ಬಿಟ್ಟರೆ ಏನಿದೆ? ಅವಳ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆ ಯಾಕೆ ವಾಪಸ್ ಬರುತ್ತಿತ್ತು, ಟಿಶ್ಯೂ ಡಬ್ಬ ಎದುರಿಗಿದ್ದರೂ ಮೂಗನ್ನು ಯಾಕೆ ತೋಳಿಗೆ ಒರೆಸುತ್ತಿದ್ದಳು ಎಂದು ಈಗ ಗೊತ್ತಾಯಿತು. ಶಾಲೆಯಲ್ಲಿ ತಡೆದು ತಡೆದು ಗಟ್ಟಿಯಾಗಿ, ನೋವಾಗಿ, ಆ ಹೆದರಿಕೆಗೆ ಮನೆಯಲ್ಲೂ ಹೋಗುವುದನ್ನು ಬಿಟ್ಟಳು.

ಅಜ್ಜಿ ಹೇಳಿದರಾ ಎಂದೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಅಪ್ಪ ಸೆಡ್. ಇಫ್ ಐ ಡೂ ಇಟ್, ಹೀ ವಿಲ್ ಲೂಸ್ ಹಿಸ್ ಜಾಬ್ ಅಗೇನ್."

ಏನೂ ಅಂದಿಲ್ಲ ಎಂದು ನೀನು ಬರೆದಿದ್ದೆ. ಆ ಪತ್ರ ನನ್ನ ಎದುರಿಗಿದೆ.

ಮೈತ್ರೇಯಿ


ಡಿಯರ್‌ಬಾರ್ನ್
ಮಾರ್ಚ್ 6, 2009

ಮೈತ್ರೇಯಿ,

ಅಂದಿದ್ದೆ. ನೆನಪಿರಲಿಲ್ಲ ಎಂದು ಬರೆಯಹೊರಟೆ. ಅದೂ ಸುಳ್ಳಾಗುತ್ತದೆ.

ಸೆಪ್ಟೆಂಬರಿನಲ್ಲಿ ಒಂದು ಶನಿವಾರ. ಎಲ್ಕ್ ಗ್ರೋವ್‌ನ ನನ್ನ ಹಳೆ ಫ್ಯಾಕ್ಟರಿಯ ಡ್ರಾಯಿಂಗುಗಳನ್ನೆಲ್ಲ ಹಾಲಿನ ಕಾರ್ಪೆಟ್ ಮೇಲೆ ಹರಡಿಕೊಂಡಿದ್ದೆ. ಕೆಲಸದಿಂದ ತೆಗೆಯುವವರ ಪಟ್ಟಿಯಲ್ಲಿ ನನ್ನ ಹೆಸರಿದೆಯೆಂಬ ಗುಸುಗುಸು ಆಗಲೇ ಕಿವಿಗೆ ಬಿದ್ದಿತ್ತು. ಇಂಚರ ಓಡಿಬಂದವಳು ಅವುಗಳ ಮೇಲೆ ಕಾಲಿಟ್ಟಳು. ನನ್ನ ತಾತ ನನಗೆ ಹೇಳಿದ್ದನ್ನೇ ಕಿರುಚಿದೆ. "ಕಾಗದ ಅಂದ್ರೆ ಸರಸ್ವತಿ ಕಣೇ! ಹೀಗೆ ಹೊಲಸು ಮಾಡಿದ್ರೆ ಅಪ್ಪನ ಕೆಲಸ ಹೋಗತ್ತೆ ನೋಡು!" ತಾತ ವಿದ್ಯೆ ಹೋಗತ್ತೆ ಅನ್ನುತ್ತಿದ್ದರು. ಕೆಲಸ ಎಂದು ಸೇರಿಸಿದ್ದು ನಾನು.

ಇಷ್ಟೇ ಆಗಿದ್ದರೆ ಮಕ್ಕಳು ಮರೆಯುತ್ತವೆ. ಮೂರು ವಾರಕ್ಕೆ ಕೆಲಸ ಹೋಯಿತಲ್ಲ, ಆ ಸಾಯಂಕಾಲ ನಾನು ಸೋಫಾದಲ್ಲಿ ಕೂತಿದ್ದಾಗ ಹತ್ತಿರ ಬಂದು ಕೇಳಿದಳು. "ಅಪ್ಪಾ, ಈಸ್ ಇಟ್ ಬಿಕಾಸ್ ಆಫ್ ದ ಪೇಪರ್ಸ್?" ನಾನು "ಹೂಂ" ಎಂದೆ. ಕೇಳಿಸಿಕೊಳ್ಳದೆ ಅಂದೆನೆಂದು ಇಷ್ಟು ದಿನ ನಂಬಿಕೊಂಡಿದ್ದೆ. ಕೇಳಿಸಿತ್ತು. ನನ್ನ ತಪ್ಪಲ್ಲ, ಬೇರೆ ಯಾರದೋ ಆಗಲಿ ಎಂದು ಆ ಗಳಿಗೆಯಲ್ಲಿ ಅನ್ನಿಸಿತ್ತು. ನನಗೆ ನಾಚಿಕೆಯಾಗುತ್ತಿದೆ.

ಅವಳಿಗೆ ಹೇಳು. ಬರೆಯುವ ಕಾಗದ ಬೇರೆ, ಒರೆಸುವ ಕಾಗದ ಬೇರೆ. ಸರಸ್ವತಿಗೆ ಅಷ್ಟು ಬುದ್ಧಿಯಿದೆ. ಅಪ್ಪ ತಪ್ಪು ಹೇಳಿದ, ಅಪ್ಪನ ಕೆಲಸ ಭದ್ರವಾಗಿದೆ ಎಂದೂ ಹೇಳು. ಅಮ್ಮನ ಮೇಲೆ ಸುಮ್ಮನೆ ಅನುಮಾನ ಪಟ್ಟೆವು. ಅವಳ ಹರಳೆಣ್ಣೆ ಅವಳಿಗೆ ವಾಪಸ್ ಕೊಡು.

ಶ್ರೀಹರಿ


ಸ್ಕೋಕಿ
ಮಾರ್ಚ್ 13, 2009

ಶ್ರೀಹರಿ,

ನಿನ್ನ ಪತ್ರವನ್ನು ಅವಳಿಗೆ ಇಂಗ್ಲಿಷ್ ಮಾಡಿ ಓದಿದೆ. "ಪ್ರಾಮಿಸ್?" ಎಂದಳು. ನಿನ್ನ ಹೆಸರಿನಲ್ಲಿ ಪ್ರಾಮಿಸ್ ಮಾಡಿದೆ. ಬುಧವಾರ, ಮಾರ್ಚ್ 11ರಂದು, ಶಾಲೆಯಲ್ಲಿ ಎರಡಕ್ಕೆ ಹೋದಳು. ಕಾಗದದಲ್ಲಿ ಒರೆಸಿಕೊಂಡಳು. ಟೀಚರ್ ಫೋನ್ ಮಾಡಿ ಹೇಳಿದರೆ ನಾನು ಆಫೀಸಿನಲ್ಲಿ ಎಲ್ಲರೆದುರು ಅತ್ತೆ. ನಿನ್ನಮ್ಮ ಪಾಯಸ ಮಾಡಿದರು. ಇಂಥದ್ದಕ್ಕೆ ಪಾಯಸ ಮಾಡಿದ ಮನೆ ಅಮೆರಿಕದಲ್ಲಿ ನಮ್ಮದೊಂದೇ ಇರಬೇಕು.

ಆದರೆ ಅಂದು ಸಂಜೆ ಅವಳು ನಿನಗೆ ಫೋನ್ ಮಾಡಿ ಕೇಳಿದಳಲ್ಲ, "ಅಪ್ಪಾ, ಡು ಯು ಸ್ಟಿಲ್ ಹ್ಯಾವ್ ಯುವರ್ ಜಾಬ್?" ನಿನ್ನೆಯೂ ಕೇಳಿದಳು. ನೀನು ಎಸ್ ಎಂದ ಮೇಲೆ ಕ್ಯಾಲೆಂಡರಿನಲ್ಲಿ ಒಂದು ನಕ್ಷತ್ರ ಬರೆಯುತ್ತಾಳೆ. ಎರಡು ದಿನವೂ ಬೆಡ್‌ರೂಮಿನ ಫೋನೆತ್ತಿ ನಾನು ಕದ್ದು ಕೇಳಿಸಿಕೊಂಡೆ. ಎರಡು ದಿನವೂ ನೀನು ಎಸ್ ಎನ್ನಲು ತಡಮಾಡಿದೆ.

ಇದೆಯೋ ಇಲ್ಲವೋ ನನಗೆ ಹೇಳು. ಇವಳು ನಿನ್ನನ್ನು ನಂಬಿ ಶಾಲೆಯಲ್ಲಿ ಕೂರುತ್ತಿದ್ದಾಳೆ. ನಾಳೆ ಅದು ಇಲ್ಲವೆಂದು ಗೊತ್ತಾದರೆ, ಬುಧವಾರ ತಾನು ಮಾಡಿದ್ದಕ್ಕೇ ಹೋಯಿತೆಂದುಕೊಳ್ಳುತ್ತಾಳೆ. ಆಮೇಲೆ ಯಾವ ಡಾಕ್ಟರೂ ಅವಳನ್ನು ಅದರಿಂದ ಬಿಡಿಸಲಾರರು.

ಮೈತ್ರೇಯಿ


ಡಿಯರ್‌ಬಾರ್ನ್
ಮಾರ್ಚ್ 16, 2009

ಮೈತ್ರೇಯಿ,

ಇಲ್ಲ. ಜನವರಿ 30ರ ಶುಕ್ರವಾರವೇ ಹೋಯಿತು. ಕಿಟಕಿಯ ಬಿಸಿಲು, ಮ್ಯಾನೇಜರಿನ ಹೊಗಳಿಕೆ, ರಾತ್ರಿ ಪಾಳಿ ಎಲ್ಲ ಕಟ್ಟಿದ್ದು. ಇಲ್ಲಿ ಹೆಂಗಸೂ ಇಲ್ಲ, ಏನೂ ಇಲ್ಲ. ಬೆಳಗಿನಿಂದ ಲೈಬ್ರರಿಯಲ್ಲಿ ಕೂತು ಅಪ್ಲೈ ಮಾಡುತ್ತಿದ್ದೆ, ಆಮೇಲಾಮೇಲೆ ಹಾಸಿಗೆ ಬಿಟ್ಟು ಏಳುವುದೂ ಕಷ್ಟವಾಯಿತು. ನಾಲ್ಕು ತಿಂಗಳಲ್ಲಿ ಎರಡು ಸಲ ಕೆಲಸ ಕಳಕೊಂಡವನೆಂದು ನಿನ್ನ ಮುಂದೆ, ಅಮ್ಮನ ಮುಂದೆ ನಿಲ್ಲಲು ಧೈರ್ಯವಾಗಲಿಲ್ಲ. ಪರೀಕ್ಷೆಗೆ ಬರದಿದ್ದುದೂ ಅದಕ್ಕೇ.

ಇನ್ನೂ ಮುಚ್ಚಿಡಬಹುದಿತ್ತು. ಹೊಸ ಕೆಲಸ ಸಿಕ್ಕ ಮೇಲೆ ಹೇಳೋಣವೆಂದಿದ್ದೆ. ಆದರೆ ನೀನು ಬರೆದದ್ದು ಸರಿ. ಇದರ ಜೊತೆ ಅವರು ಕೊಟ್ಟ ನೋಟೀಸನ್ನು ಇಟ್ಟಿದ್ದೇನೆ. ಇಂಗ್ಲಿಷಿನಲ್ಲಿದೆ, ಅವಳೇ ಓದಲಿ. ತಾರೀಖು ಅವಳೇ ನೋಡಲಿ. ಅವಳು ಶಾಲೆಯಲ್ಲಿ ಹೋಗಿದ್ದು ಮಾರ್ಚ್ 11ಕ್ಕೆ. ಅದಕ್ಕೆ ಆರು ವಾರ ಮೊದಲೇ ಕೆಲಸ ಹೋಗಿತ್ತು. ಎಕ್ಸ್‌ರೇ ತೆಗೆದದ್ದೂ ಅದೇ ಮೂವತ್ತನೇ ತಾರೀಖು ಎಂದು ನೀನೇ ಬರೆದಿದ್ದೆ. ಅದನ್ನೂ ತೋರಿಸು. ಅವತ್ತು ಇಪ್ಪತ್ತನಾಲ್ಕು ಉಂಗುರವೂ ಅವಳ ಹೊಟ್ಟೆಯಲ್ಲೇ ಇದ್ದವು. ನನ್ನ ಮಗಳು ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ. ಆದರೂ ಕೆಲಸ ಹೋಯಿತು.

ಮೊದಲು ಇದನ್ನು ಅವಳಿಗೆ ತಿಳಿಸು. ನನ್ನನ್ನು ಆಮೇಲೆ ಬೈಯುವಿಯಂತೆ.

ಶ್ರೀಹರಿ


ಸ್ಕೋಕಿ
ಮಾರ್ಚ್ 20, 2009

ಶ್ರೀಹರಿ,

ನಿನ್ನೆ ಸಂಜೆ ನೋಟೀಸನ್ನೂ ಎಕ್ಸ್‌ರೇಯನ್ನೂ ಊಟದ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅವಳನ್ನು ಕೂರಿಸಿದೆ. ತಾರೀಖನ್ನು ಬೆರಳಿಟ್ಟು ಓದಿದಳು. ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ಉಂಗುರಗಳನ್ನು ತಾನೇ ಎಣಿಸಿದಳು. ಕ್ಯಾಲೆಂಡರ್ ತಂದು ಹಿಂದಕ್ಕೆ ತಿರುಗಿಸಿ ನೋಡಿದಳು. ಆಮೇಲೆ, "ಸೋ ಇಟ್ ವಾಸ್ ನಾಟ್ ಮೀ" ಎಂದಳು. ಅಲ್ಲ ಎಂದೆ. "ಈವನ್ ದ ಫಸ್ಟ್ ಟೈಮ್?" ಮೊದಲನೆಯದೂ ಅಲ್ಲ ಎಂದೆ. ಇವತ್ತು ಶಾಲೆಯಲ್ಲಿ ಮತ್ತೆ ಹೋಗಿದ್ದಾಳೆ. ನೀರಿನ ಬಾಟಲಿ ಖಾಲಿಯಾಗಿ ಬಂತು.

ನಿನ್ನ ಮೇಲೆ ನನಗಿರುವ ಕೋಪ ಇನ್ನೂ ಹಾಗೇ ಇದೆ. ಆರು ವಾರ ನಾನು ಹುಚ್ಚಿಯ ಹಾಗೆ ಅನುಮಾನಪಡುವಂತೆ ಮಾಡಿದೆ. ಇನ್ಯಾರೋ ಇದ್ದಾಳೆಂದು ಎಣಿಸಿ ನಾನೂ ಸಣ್ಣವಳಾದೆ. ನಿನ್ನಮ್ಮನಿಗೆ ವಿಷಯ ಹೇಳಿದೆ. "ಅಷ್ಟಕ್ಕೆ ಅಲ್ಲಿ ಕೂತಿದಾನಾ ಪೆದ್ದ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಆದರೆ ಇಂಚರ ಮಲಗುವ ಮುಂಚೆ ಇನ್ನೊಂದು ಮಾತು ಕೇಳಿದಳು. ಇಷ್ಟೆಲ್ಲ ಅನುಮಾನಪಟ್ಟ ನನಗೆ ಅದು ಹೊಳೆದಿರಲಿಲ್ಲ. "ಇಫ್ ಹೀ ಡಿಡಿಂಟ್ ಹ್ಯಾವ್ ಎ ಜಾಬ್, ವೈ ಡಿಡಿಂಟ್ ಹೀ ಕಮ್ ಹೋಮ್?"

ಇದಕ್ಕೆ ಉತ್ತರ ಬರೆದು ಕಳಿಸಬೇಡ, ನಾನು ಇಂಗ್ಲಿಷ್ ಮಾಡಿ ಓದುವುದಿಲ್ಲ. ಬಂದು ನೀನೇ ಹೇಳು.

ಮೈತ್ರೇಯಿ